ಗುಮಾನಿ ಬೇರೆ, ಪುರಾವೆ ಬೇರೆ

ಹೆಸರಾಂತ ವ್ಯಕ್ತಿಯೊಬ್ಬರ ಖೂನಿಯಾದರೆ ಆ ದಿನದಿಂದಲೇ ನಮ್ಮ ನಾಡಿನಲ್ಲಿ ಎರಡು ಚೌಕಶಿಗಳು ಮೊದಲಾಗುತ್ತವೆ. ಒಂದನ್ನು ಪೋಲೀಸರು ನಡೆಸುತ್ತಾರೆ. ಪಂಚನಾಮೆ, ಕಾಡತೂಸು, ಸಾಕ್ಷಿದಾರರ ಜಬಾನಿ ಇವುಗಳ ಮೇಲೆ ನಡೆಯುವ ಆ ಕೆಲಸಕ್ಕೆ ತಿಂಗಳುಗಳೂ ವರ್ಷಗಳೂ ಹಿಡಿಯುತ್ತವೆ. ಇನ್ನೊಂದು ಚೌಕಶಿ ಅಗಸಿಯ ಕಟ್ಟೆಯ ಮೇಲೆ, ಚಹದ ಅಂಗಡಿಯಲ್ಲಿ, ಕಚೇರಿಯ ಪಡಸಾಲೆಯಲ್ಲಿ ನಡೆಯುತ್ತದೆ. ಅದು ಸಂಜೆಯೊಳಗಾಗಿ ಆರೋಪಿಯನ್ನು ಗೊತ್ತುಮಾಡಿ, ಮರುದಿನ ಬೆಳಗಾಗುವದರೊಳಗೆ ತೀರ್ಪನ್ನೂ ಕೊಟ್ಟು ಮುಗಿಸಿರುತ್ತದೆ. ಈ ಎರಡನೆಯ ಕೋರ್ಟಿನಲ್ಲಿ ವಕೀಲರಿಲ್ಲ, ಪಾಟೀಸವಾಲಿಲ್ಲ, ಅಪೀಲೂ ಇಲ್ಲ. ಹಿಂದೆ ಅದರ ಹುಕುಮು ಒಂದು ಊರಿನ ಎಲ್ಲೆಯನ್ನು ದಾಟುತ್ತಿರಲಿಲ್ಲ. ಈಗ ಕಿಸೆಯೊಳಗಿನ ಮೊಬೈಲಿನಿಂದ ಅರೆಗಳಿಗೆಯಲ್ಲಿ ನಾಡನ್ನೆಲ್ಲ ಸುತ್ತಿ ಬರುತ್ತದೆ. ಈ ರೂಢಿಯಿಂದ ಆಗುವ ಹಾನಿ ಎಂಥದು, ಅದು ಯಾರಿಗೆ ತಟ್ಟುತ್ತದೆ ಎಂಬದನ್ನು ಇಂದು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಸಾಲೋಟಗಿಯಿಂದ ಸಿಂದಗಿಯವರೆಗಿನ ಜನರಿಗೆ, ಮುದ್ದೇಬಿಹಾಳ-ಬಸವನ ಬಾಗೇವಾಡಿಗಳ ನಾಗರಿಕರಿಗೆ ಇದು ದೂರದ ಸಂಗತಿಯಲ್ಲ. 2015 ಮತ್ತು 2017ರಲ್ಲಿ ಕರ್ನಾಟಕವನ್ನು ನಡುಗಿಸಿದ ಎರಡು ಖೂನಿಗಳ ಪೈಕಿ ಒಂದರಲ್ಲಿ ಪ್ರಾಣ ತೆತ್ತವರು ಈ ನೆಲದವರು. ಇನ್ನೊಂದರಲ್ಲಿ ಗುಂಡು ಹಾರಿಸಿದನೆಂಬ ಆರೋಪಕ್ಕೆ ಗುರಿಯಾದವನೂ ಈ ನೆಲದವನೇ. ಹೀಗಾಗಿ ಶೋಕವೂ ಗುಮಾನಿಯೂ ಒಂದೇ ಸೀಮೆಯ ಮನೆಗಳನ್ನು ಹೊಕ್ಕವು.

ಡಾ. ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. ಧಾರವಾಡದಲ್ಲಿ ಅಧ್ಯಾಪಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ವಚನಸಾಹಿತ್ಯದ ಮತ್ತು ಶಾಸನಗಳ ಸಂಶೋಧಕರಾಗಿ ಅವರು ಮಾಡಿದ ಕೆಲಸವನ್ನು ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ಅವರ ಮನೆಯ ಬಾಗಿಲಿಗೇ ಬಂದು ಅವರನ್ನು ಗುಂಡಿಟ್ಟು ಕೊಂದರು. ಶವಸಂಸ್ಕಾರದ ಬೂದಿ ಆರುವ ಮೊದಲೇ ಕಥೆಗಳು ಹುಟ್ಟಿಕೊಂಡವು. ಆಸ್ತಿಯ ವ್ಯಾಜ್ಯವಿದ್ದೀತು ಎಂದರು ಕೆಲವರು. 1989ರಲ್ಲಿ ಅವರ ‘ಮಾರ್ಗ’ ಗ್ರಂಥದ ಬರವಣಿಗೆಯ ಸಂಬಂಧವಾಗಿ ಎದ್ದ ಗದ್ದಲವನ್ನು ನೆನೆದು, ಇದು ಸಮಾಜದೊಳಗಿನ ಕಲಹ ಎಂದರು ಬೇರೆ ಕೆಲವರು. ಮೂರ್ತಿಪೂಜೆಯ ವಿಷಯವಾಗಿ 2014ರಲ್ಲಿ ಅವರಾಡಿದ ಮಾತೇ ಕಾರಣವೆಂದು ಇನ್ನು ಕೆಲವರು ಸಾರಿದರು. ಪತ್ರಿಕೆಗಳೂ ಈ ಮೂರನ್ನೂ ದಿನಕ್ಕೊಂದರಂತೆ ಅಚ್ಚುಹಾಕಿದವು.

ಪೋಲೀಸರು ಎಲ್ಲ ದಿಕ್ಕುಗಳನ್ನೂ ನೋಡತಕ್ಕದ್ದು ಅವರ ಕರ್ತವ್ಯ, ಅದರಲ್ಲಿ ತಪ್ಪಿಲ್ಲ. ಪರಂತು ಪೋಲೀಸರು ತಮ್ಮ ಡಾಯರಿಯಲ್ಲಿ ಬರೆದುಕೊಳ್ಳುವ ಪ್ರಶ್ನೆಯನ್ನು ಊರವರು ಉತ್ತರವೆಂದು ಓದಿದರೆ ಏನಾಗುತ್ತದೆ? ಗಂಡನನ್ನು ಕಣ್ಣೆದುರೇ ಕಳಕೊಂಡ ಮನೆಯ ಕಡೆಗೇ ಜನರು ಓರೆನೋಟದಿಂದ ನೋಡುವಂತಾಗುತ್ತದೆ. ಸಾಂತ್ವನ ಹೇಳಲು ಬಂದವರೇ ಹಿಂತಿರುಗುವಾಗ ದಾರಿಯಲ್ಲಿ ಪಿಸುಗುಟ್ಟುತ್ತಾರೆ. ಆ ಮನೆಯವರು ಅದಕ್ಕೆ ಯಾವ ಕೋರ್ಟಿನಲ್ಲಿ ಉತ್ತರ ಕೊಡಬೇಕು? ಈ ಖಟ್ಲೆಯಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾದದ್ದು 2019ರ ಆಗಸ್ಟ್ ತಿಂಗಳಲ್ಲಿ. ಸುಮಾರು ನಾಲ್ಕು ವರ್ಷ ಊರ ಮಾತಿಗೆ ಹಗ್ಗವಿಲ್ಲದೆ ಹೋಯಿತು. ಆರೋಪಪಟ್ಟಿ ಬಂದಾಗ ಅದರಲ್ಲಿ ಆಸ್ತಿಯ ವ್ಯಾಜ್ಯದ ಸುಳಿವಿರಲಿಲ್ಲ. ಆದರೆ ಆ ಮೊದಲು ಆಡಿದ ಮಾತನ್ನು ಹಿಂತೆಗೆದುಕೊಂಡವರನ್ನು ನಾವಂತೂ ಕಂಡಿಲ್ಲ.

2017ರ ಸಪ್ಟಂಬರ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಖೂನಿಯಾದಾಗಲೂ ಇದೇ ನಡೆಯಿತು. ಒಂದು ಪಕ್ಷದವರು ಒಂದು ಸಂಘಟನೆಯ ಕಡೆಗೆ ಬೆರಳು ತೋರಿಸಿದರು; ಎದುರುಪಕ್ಷದವರು ನಕ್ಸಲೀಯರ ಕಡೆಗೆ ತೋರಿಸಿದರು; ಮೂರನೆಯವರು ಒಡಹುಟ್ಟಿದವರ ಹಳೆಯ ಮನಸ್ತಾಪವನ್ನು ಎತ್ತಿ ಆಡಿದರು. ಮೂವರ ಕೈಯಲ್ಲಿಯೂ ಅಂದು ಪುರಾವೆಯೆಂಬದು ಇರಲಿಲ್ಲ. ಅಕ್ಟೋಬರ 14ರಂದು ವಿಶೇಷ ತನಿಖಾ ದಳವು ಶಂಕಿತರ ರೇಖಾಚಿತ್ರಗಳನ್ನು ಹೊರಡಿಸಿತು. ಅವುಗಳಲ್ಲಿ ಒಂದರ ಹಣೆಯ ಮೇಲೆ ತಿಲಕವಿತ್ತು. ಸರಿ, ನಾಡಿನ ಅರ್ಧ ಜನರು ಆ ತಿಲಕವನ್ನೇ ಹಿಡಿದು ತೀರ್ಪು ಕೊಟ್ಟರು. ಉಳಿದರ್ಧ ಜನರು ತಿಲಕ ಬರೆದವನ ಮೇಲೆಯೇ ಗುಮಾನಿಪಟ್ಟರು. ದಿಕ್ಕುತಪ್ಪಿಸುವದಕ್ಕಾಗಿಯೂ ಇಂಥ ಚಿಹ್ನೆಗಳನ್ನು ಧರಿಸಿರಬಹುದೆಂದು ದಳದ ಮುಖ್ಯಸ್ಥರು ಆಗಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕಿವಿಯ ಮೇಲೆ ಹಾಕಿಕೊಂಡವರು ಕಡಿಮೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವು ಬಲು ಸಂತೋಷದಿಂದ ಹೇಳುತ್ತೇವೆ. ನೆರೆದ ಸಭೆಯಲ್ಲಿ ಯಾರೋ ಹಾಗೆ ಕೂಗಿದರೆ ಎಷ್ಟು ಜನ ನಿರಪರಾಧಿಗಳ ಕೈ ತಾನಾಗಿ ಹೆಗಲಿಗೆ ಹೋಗುತ್ತದೆಂಬದನ್ನು ಮಾತ್ರ ವಿಚಾರಿಸುವದಿಲ್ಲ. ಅಂಜಿದವನೆಲ್ಲ ಅಪರಾಧಿಯಲ್ಲ. ಇದೇ ಜನರ ಬಾಯಲ್ಲಿ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಇನ್ನೊಂದು ಗಾದೆಯೂ ಇದೆ. ಖೂನಿಯ ವಿಷಯ ಬಂದಾಗ ನಾವು ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆಯುತ್ತೇವೆ.

2018ರ ಜೂನ್ ತಿಂಗಳಲ್ಲಿ ಗೌರಿ ಲಂಕೇಶರ ಖೂನಿಯ ಸಂಬಂಧವಾಗಿ ಸಿಂದಗಿಯ ತರುಣನೊಬ್ಬನನ್ನು ಹಿಡಿದರು. ಆ ದಿನದಿಂದ ಆ ಸಣ್ಣ ಪಟ್ಟಣದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಆತ ತನಿಖಾಧಿಕಾರಿಗಳ ಮುಂದೆ ತಪ್ಪೊಪ್ಪಿಕೊಂಡನೆಂದೂ, ಏನೆಂದು ಒಪ್ಪಿಕೊಂಡನೆಂದೂ ಕೆಲವು ದಿನಗಳಲ್ಲಿಯೇ ವಾರ್ತೆಗಳು ಹೊರಬಿದ್ದವು. ಅದನ್ನು ಓದಿದವರು ಖಟ್ಲೆ ಮುಗಿಯಿತೆಂದೇ ತಿಳಿದರು. ಅದೇ ಹೊತ್ತಿಗೆ ಮತ್ತೊಂದು ಗುಂಪು ಆತನು ನಿರಪರಾಧಿ, ಧರ್ಮರಕ್ಷಕ ಎಂದು ಸಾರಿ, ಆತನ ಕುಟುಂಬಕ್ಕಾಗಿ ಹಣ ಕೂಡಿಸಿರೆಂದು ಜನರಲ್ಲಿ ಕೋರಿಕೆ ಹೊರಡಿಸಿತು. ಒಬ್ಬರಿಗೆ ವಿಚಾರಣೆಯಿಲ್ಲದೆ ಆತ ಘಾತಕ. ಇನ್ನೊಬ್ಬರಿಗೆ ವಿಚಾರಣೆಯಿಲ್ಲದೆ ಆತ ವೀರ. ಮುಂದೆ ವಿಚಾರಣೆಯ ವಿಳಂಬ ಮೊದಲಾದ ಕಾರಣಗಳಿಂದ ಈ ಖಟ್ಲೆಯ ಆರೋಪಿಗಳಿಗೆ ಒಬ್ಬೊಬ್ಬರಾಗಿ ಜಾಮೀನು ದೊರೆಯತೊಡಗಿತು. 2024ರ ಅಕ್ಟೋಬರದಲ್ಲಿ ಹಾಗೆ ಬಿಡುಗಡೆಯಾಗಿ ವಿಜಯಪುರಕ್ಕೆ ಬಂದ ಇಬ್ಬರಿಗೆ ಕೆಲವರು ಹೂಮಾಲೆ ಹಾಕಿ ಮೆರೆಯಿಸಿದರು.

ಈ ಹೂಮಾಲೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಜಾಮೀನು ಎಂಬದು ನಿರ್ದೋಷದ ನಿರ್ಣಯವಲ್ಲ. ಕರೆದಾಗ ಹಾಜರಾಗುವೆನೆಂಬ ಮುಚ್ಚಳಿಕೆಯ ಮೇಲೆ ಕೊಟ್ಟ ತಾತ್ಕಾಲಿಕ ಬಿಡುಗಡೆ ಅದು. ಆರೋಪಿಗೆ ನಿರಪರಾಧಿಯೆಂದು ಎಣಿಸಲ್ಪಡುವ ಹಕ್ಕಿದೆ, ನಿಜ. ಖೂನಿಯ ಆರೋಪವನ್ನೇ ಕೀರ್ತಿಯೆಂದು ಹೊತ್ತು ಮೆರೆಯುವ ಹಕ್ಕು ಯಾರಿಗೂ ಇಲ್ಲ. ಆತ ಆ ಕೆಲಸ ಮಾಡಿಲ್ಲವೆಂದು ನಂಬಿದವರು ಯಾತಕ್ಕಾಗಿ ಮಾಲೆ ಹಾಕಿದರು? ಮಾಡಿದ್ದಾನೆಂದು ನಂಬಿ ಹಾಕಿದ್ದರೆ, ಆತನ ವಿರುದ್ಧ ಅವರಷ್ಟು ದೊಡ್ಡ ಗುಮಾನಿಯನ್ನು ಸರಕಾರಿ ವಕೀಲರೂ ಹೊರಿಸಲಿಲ್ಲ! ಮಾಲೆ ಹಾಕಿದವರೂ ಕೆಸರು ಎರಚಿದವರೂ ಒಂದೇ ತಪ್ಪನ್ನು ಮಾಡಿದ್ದಾರೆ. ಕೋರ್ಟು ಆಡಬೇಕಾದ ಮಾತನ್ನು ಇಬ್ಬರೂ ಬೀದಿಯಲ್ಲಿ ನಿಂತು ಆಡಿದ್ದಾರೆ.

ಇನ್ನು ಆ ತಪ್ಪೊಪ್ಪಿಗೆಯ ವಾರ್ತೆ. ಪೋಲೀಸ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ತರಲಾಗದೆಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಅದೇ ನಿಯಮ ಮುಂದುವರಿದಿದೆ. ಪರಕೀಯರ ಆಳಿಕೆಯಲ್ಲಿ ಹುಟ್ಟಿದ ಕಾಯಿದೆಯಾದರೂ, ಕೋಣೆಯ ಬಾಗಿಲು ಮುಚ್ಚಿಕೊಂಡು ಬಾಯಿ ಬಿಡಿಸುವ ರೀತಿ ಎಂಥದೆಂಬದನ್ನು ಅದನ್ನು ಬರೆದವರು ಬಲ್ಲವರಾಗಿದ್ದರು. ದೇಶಭಕ್ತರನೇಕರು ಅದೇ ಕೋಣೆಗಳನ್ನು ಕಂಡು ಬಂದವರು. ಯಾರೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಲಾಗದೆಂಬ ಮಾತನ್ನು ಸ್ವತಂತ್ರ ಭಾರತದ ಸಂವಿಧಾನವು 20ನೆಯ ಅನುಚ್ಛೇದದಲ್ಲಿ ಇರಿಸಿಕೊಂಡಿತು. ನ್ಯಾಯಾಧೀಶರು ಮುಟ್ಟದ ಕಾಗದವನ್ನು ಪತ್ರಿಕೆಗಳು ಮೊದಲ ಪುಟದಲ್ಲಿ ಅಚ್ಚುಹಾಕುವದೂ, ನಾವು ಅದನ್ನು ಚಹ ಕುಡಿಯುತ್ತ ಪ್ರಮಾಣವೆಂದು ಒಪ್ಪಿಕೊಳ್ಳುವದೂ ಯಾವ ನ್ಯಾಯ?

ಇಲ್ಲಿ ಇನ್ನೊಂದು ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಕಣ್ಣಾರೆ ಕಂಡ ಸಾಕ್ಷಿದಾರನು ಬೇರೆ ಬೇರೆ ಜನರ ಸಾಲಿನಲ್ಲಿ ನಿಂತ ಆರೋಪಿಯನ್ನು ತಾನಾಗಿ ಗುರುತಿಸಬೇಕೆಂದು ಗುರುತಿನ ಪರೇಡು ನಡೆಸುತ್ತಾರೆ. ಆರೋಪಿಯ ಮುಖವು ಅದಕ್ಕಿಂತ ಮೊದಲೇ ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ಹರಿದಾಡಿದ್ದರೆ, ಸಾಕ್ಷಿದಾರನು ಘಟನೆಯ ಸ್ಥಳದಲ್ಲಿ ಕಂಡದ್ದನ್ನು ಗುರುತಿಸಿದನೋ ಚಿತ್ರದಲ್ಲಿ ಕಂಡದ್ದನ್ನು ಗುರುತಿಸಿದನೋ ಎಂದು ಆರೋಪಿಯ ವಕೀಲರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವದು ಕಷ್ಟ. ಆದುದರಿಂದ ಆರೋಪಿಯ ಚಿತ್ರವನ್ನು ಕೋಪದಿಂದ ಹಂಚುವವರು ತಮಗರಿಯದೆ ಆತನಿಗೇ ಒಂದು ಆಯುಧವನ್ನು ಕೊಡುತ್ತಾರೆ. ಖೂನಿಯಾದವರಿಗೆ ನ್ಯಾಯ ಸಿಗಲೆಂದು ಕೂಗುವ ಬಾಯಿಂದಲೇ ಆ ನ್ಯಾಯಕ್ಕೆ ಕುಂದು ಬರುವದು ಹೀಗೆ.

ಪೋಲೀಸರ ಊಹೆಯಾದರೂ ಕಲ್ಲಿನ ಗೆರೆಯಲ್ಲ. ಡಾ. ನರೇಂದ್ರ ದಾಭೋಲಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. 2014ರ ಜನೇವರಿಯಲ್ಲಿ ಇಬ್ಬರನ್ನು ಹಿಡಿದು ಖೂನಿಯ ಎಳೆ ಸಿಕ್ಕಿತೆಂದರು. ಮುದ್ದತಿನೊಳಗೆ ಆರೋಪಪಟ್ಟಿಯೇ ಸಲ್ಲಿಕೆಯಾಗದೆ ಅವರಿಗೆ ಜಾಮೀನು ದೊರೆಯಿತು. 2016ರಲ್ಲಿ ಸಿ.ಬಿ.ಐ.ನವರು ತಮ್ಮ ಆರೋಪಪಟ್ಟಿಯಲ್ಲಿ ಗುಂಡು ಹಾರಿಸಿದವರೆಂದು ಬೇರೆ ಇಬ್ಬರ ಹೆಸರು ಹೇಳಿದರು. 2018ರಲ್ಲಿ ಅದೇ ಸಿ.ಬಿ.ಐ.ನವರು, ಗುಂಡು ಹಾರಿಸಿದವರು ಇವರೆಂದು ಮತ್ತೆ ಇಬ್ಬರನ್ನು ಹಿಡಿದರು. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯವು ಈ ಕೊನೆಯ ಇಬ್ಬರಿಗೆ ಆಜನ್ಮ ಕಾರಾವಾಸ ವಿಧಿಸಿ, ಉಳಿದ ಮೂವರು ಆರೋಪಿಗಳನ್ನು ಬಿಡುಗಡೆ ಮಾಡಿತು. ಹತ್ತು ವರ್ಷಗಳಲ್ಲಿ ಗುಮಾನಿ ಎರಡು ಸಾರೆ ಮನೆ ಬದಲಿಸಿತು. 2014ರಲ್ಲಿಯೇ ಬೀದಿಯ ಮಾತಿನಂತೆ ದಂಡನೆಯಾಗಿದ್ದರೆ ಯಾರ ಕೊರಳಿಗೆ ಹಗ್ಗ ಬೀಳುತ್ತಿತ್ತೆಂಬದನ್ನು ಸುಜ್ಞ ವಾಚಕರು ವಿಚಾರಿಸಲಿ.

ಗುಮಾನಿಯು ಒಬ್ಬನ ಹೆಸರಿಗೆ ನಿಲ್ಲುವದಿಲ್ಲ, ಆತನ ಜಾತಿ-ಮತಗಳಿಗೂ ಹಬ್ಬುತ್ತದೆ. ಅದರ ವಿಷವಿರುವದು ಇದರಲ್ಲಿಯೇ. 1948ರ ಜನೇವರಿ 30ರ ಸಂಜೆ ದಿಲ್ಲಿಯಲ್ಲಿ ಮಹಾತ್ಮರ ಎದೆಗೆ ಗುಂಡು ಬಿದ್ದ ಗಳಿಗೆಯಲ್ಲಿ, ಕೊಂದವನು ಮುಸಲ್ಮಾನನೆಂಬ ಕೂಗು ಎದ್ದಿತ್ತು. ಕೊಂದವನು ಹಿಂದುವೆಂದು ಆಕಾಶವಾಣಿಯು ಕೂಡಲೇ ಸಾರದಿದ್ದರೆ ಆ ರಾತ್ರಿ ದೇಶದಲ್ಲಿ ಎಷ್ಟು ಹೆಣಗಳು ಬೀಳುತ್ತಿದ್ದವೋ ಹೇಳಲಾಗದು. ಆದರೂ ಅನಾಹುತವು ಪೂರ್ತಿ ತಪ್ಪಲಿಲ್ಲ. ಕೊಂದವನ ಜಾತಿ ತಿಳಿದೊಡನೆ ಪುಣೆ, ಸಾತಾರೆ, ಸಾಂಗ್ಲಿ, ಕೊಲ್ಲಾಪುರಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತು. ಅದೇ ಖಟ್ಲೆಯಲ್ಲಿ ನ್ಯಾಯಾಸ್ಥಾನವು ಹೇಗೆ ನಡೆದುಕೊಂಡಿತೆಂಬದನ್ನು ನೋಡಿರಿ. ವಿಚಾರಣೆಗೆ ನಿಂತ ಎಂಟು ಜನರಲ್ಲಿ ಒಬ್ಬರನ್ನು 1949ರ ಫೆಬ್ರುವರಿ 10ರ ತೀರ್ಪಿನಲ್ಲಿ ಬಿಡುಗಡೆ ಮಾಡಿದರು. ಅಪೀಲಿನಲ್ಲಿ ಇನ್ನಿಬ್ಬರನ್ನು ಬಿಟ್ಟರು. ರಾಷ್ಟ್ರಪಿತನ ಖೂನಿಯ ಖಟ್ಲೆಯಲ್ಲಿಯೂ ಪುರಾವೆ ಸಾಲದವನನ್ನು ಬಿಡುವ ಧೈರ್ಯ ಈ ದೇಶದ ನ್ಯಾಯಾಧೀಶರಿಗೆ ಇತ್ತು. ಅದು ನಮ್ಮ ಸ್ವರಾಜ್ಯದ ಗೌರವ.

ಸಿಂದಗಿಯವರೂ ಇಂಥದೊಂದನ್ನು ಕಂಡಿದ್ದಾರೆ. 2012ರ ಜನೇವರಿ 1ರಂದು ಅಲ್ಲಿಯ ತಹಶೀಲದಾರ ಕಚೇರಿಯ ಮೇಲೆ ಪಾಕಿಸ್ತಾನದ ಧ್ವಜ ಹಾರಿದ್ದು ಕಂಡುಬಂದಾಗ ಊರಿನ ಕಣ್ಣು ಎತ್ತ ಹೊರಳಿತೆಂಬದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೆಲವು ದಿನಗಳಲ್ಲಿಯೇ ಪೋಲೀಸರು ಹಿಡಿದವರು ಆ ಕಡೆಯವರಾಗಿರದೆ ಒಂದು ಹಿಂದು ಸಂಘಟನೆಗೆ ಸೇರಿದವರೆನ್ನಲಾದ ತರುಣರಾಗಿದ್ದರು. ಹಿಡಿದವರ ದೋಷ-ನಿರ್ದೋಷಗಳ ಮಾತು ಬೇರೆ, ಅದು ಕೋರ್ಟಿನದು. ಆದರೆ ನಡುವಿನ ಆ ಕೆಲವು ದಿನ ನೆರೆಮನೆಯವರ ನೋಟವನ್ನು ತಾಳಿಕೊಂಡವರ ಸಂಕಟಕ್ಕೆ ಯಾರೂ ಪರಿಹಾರ ಕೊಡಲಿಲ್ಲ.

ಹಾಗಾದರೆ ಗೊತ್ತಿಲ್ಲದ ವಿಷಯದಲ್ಲಿ ಹೇಗೆ ನಡೆಯಬೇಕು? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಇಂಡಿಗೆ ಸಮೀಪದ ಸಾಲೋಟಗಿಯ ಶಾಸನವನ್ನು ಬಲ್ಲವರೆಲ್ಲ ಬಲ್ಲರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಈ ಊರಿನಲ್ಲಿ ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ, ಅವರ ವಸತಿಗಾಗಿ 27 ನಿವೇಶನಗಳಿದ್ದವೆಂದೂ ಕ್ರಿ. ಶ. 945ರ ಆ ಬರಹ ಹೇಳುತ್ತದೆ. ಸಾವಿರ ವರ್ಷಗಳ ಮೇಲೂ ನಾವು ಇದನ್ನು ನಿಶ್ಚಯವಾಗಿ ಹೇಳಬಲ್ಲೆವು. ಯಾಕಂದರೆ ಶಾಸನ ಓದುವವರಿಗೆ ಒಂದು ಕಟ್ಟುನಿಟ್ಟಿನ ಧರ್ಮವಿದೆ. ಕಲ್ಲಿನ ಮೇಲೆ ಕಾಗದವನ್ನೊತ್ತಿ ಅಚ್ಚು ತೆಗೆದು, ಸ್ಪಷ್ಟವಾಗಿ ಕಂಡ ಅಕ್ಷರವನ್ನು ಹಾಗೆಯೇ ಬರೆಯುತ್ತಾರೆ. ಸವೆದ ಅಕ್ಷರವನ್ನು ಕಂಸದೊಳಗಿಡುತ್ತಾರೆ. ಒಡೆದು ಹೋದ ಕಡೆಗೆ ಚುಕ್ಕೆಗಳನ್ನಿಟ್ಟು ಬಿಡುತ್ತಾರೆ. ಆ ಚುಕ್ಕೆಗಳ ಜಾಗದಲ್ಲಿ ತನಗೆ ಬೇಕಾದ ಅರಸನ ಹೆಸರು ತುಂಬಿದವನನ್ನು ವಿದ್ವಾಂಸರು ಪಂಕ್ತಿಗೆ ಸೇರಿಸುವದಿಲ್ಲ.

ಕಲಬುರ್ಗಿಯವರ ಆಯುಷ್ಯವೆಲ್ಲ ಈ ಶಿಸ್ತಿನಲ್ಲಿ ಸವೆದುದು. ‘ಶಾಸನಗಳಲ್ಲಿ ಶಿವಶರಣರು’ ಎಂಬ ಗ್ರಂಥದಲ್ಲಿ ಅವರು ಶರಣರ ಚರಿತ್ರೆಗೆ ಜನರ ಬಾಯಿಮಾತನ್ನಷ್ಟೇ ನೆಚ್ಚದೆ ಕಲ್ಲಿನ ಸಾಕ್ಷಿಯನ್ನು ಹುಡುಕಿಕೊಂಡು ಹೋದರು. ಅಂಥವರ ಖೂನಿಯ ಖಟ್ಲೆಯಲ್ಲಿ ನಾಡು ಮೊದಲು ಮಾಡಿದ ಕೆಲಸವೆಂದರೆ ಚುಕ್ಕೆಗಳ ಜಾಗದಲ್ಲಿ ಮನಬಂದ ಹೆಸರುಗಳನ್ನು ತುಂಬಿದ್ದು. ಅವರ ಸ್ಮರಣೆಗೆ ಇದಕ್ಕಿಂತ ದೊಡ್ಡ ಅಪಚಾರವನ್ನು ನಾವು ಕಾಣೆವು. ಎಳೆಯನ್ನು ಮುಂದಕ್ಕೆ ಒಯ್ದದ್ದು ಪ್ರಯೋಗಶಾಲೆಯ ಮೌನವಾದ ಕೆಲಸ. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಸಿಕ್ಕ ಕಾಡತೂಸುಗಳನ್ನು ಹೋಲಿಸಿ ನೋಡಿದ ತಜ್ಞರು, ಎರಡೂ ಕಡೆ ಗುಂಡು ಹಾರಿದ್ದು 7.65 ಮಿಲಿಮೀಟರಿನ ಒಂದೇ ಪಿಸ್ತೂಲಿನಿಂದ ಎಂದು ವರದಿ ಕೊಟ್ಟರು. ಕಟ್ಟೆಯ ಮೇಲೆ ಹುಟ್ಟಿದ ಯಾವ ಕಥೆಯಲ್ಲಿಯೂ ಈ ಸಂಗತಿ ಇರಲಿಲ್ಲ. ಆ ವರದಿಯನ್ನೂ ಕೋರ್ಟಿನಲ್ಲಿ ಪಾಟೀಸವಾಲಿಗೆ ಒಡ್ಡಿಯೇ ಒಪ್ಪಬೇಕೆಂಬದು ನ್ಯಾಯದ ಹಿರಿಮೆ.

ಜನರು ಬಾಯಿ ಮುಚ್ಚಿಕೊಂಡು ಕುಳಿತರೆ ದೊಡ್ಡವರ ಅಪರಾಧಗಳು ಮಣ್ಣುಗೂಡುವದಿಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಬಾಯಿ ಮುಚ್ಚಿರೆಂದು ನಾವು ಹೇಳುವದೇ ಇಲ್ಲ. ತನಿಖೆ ಯಾಕೆ ನಿಂತಿತು, ಆರೋಪಪಟ್ಟಿ ಯಾಕೆ ಬರಲಿಲ್ಲ, ವಿಚಾರಣೆ ಯಾಕೆ ಮುಂದೆ ಹೋಗುತ್ತಿದೆ ಎಂದು ದಿನಾಲು ಕೇಳುವದು ನಾಗರಿಕರ ಧರ್ಮ. ಶ್ರೀಮತಿ ಉಮಾದೇವಿ ಕಲಬುರ್ಗಿಯವರು ಮಾಡಿ ತೋರಿಸಿದ್ದು ಇದನ್ನೇ. ಅವರು ಬೀದಿಯಲ್ಲಿ ಯಾರ ಹೆಸರನ್ನೂ ಕೂಗದೆ ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋದರು. 2019ರ ಫೆಬ್ರುವರಿ 26ರಂದು ಆ ನ್ಯಾಯಾಲಯವು, ಗೌರಿ ಲಂಕೇಶರ ಖೂನಿಯನ್ನು ಶೋಧಿಸುತ್ತಿದ್ದ ದಳಕ್ಕೇ ಈ ತನಿಖೆಯನ್ನೂ ಒಪ್ಪಿಸಿ, ಧಾರವಾಡದ ಉಚ್ಚ ನ್ಯಾಯಾಲಯ ಪೀಠವು ಅದರ ಮೇಲೆ ಕಣ್ಣಿಡಬೇಕೆಂದು ಆಜ್ಞಾಪಿಸಿತು. ನಾಲ್ಕು ವರ್ಷ ಗುಲ್ಲಿನಿಂದ ಆಗದ ಕೆಲಸವು ಒಂದು ಅರ್ಜಿಯ ಮೇಲಿನ ಆಜ್ಞೆಯ ತರುವಾಯ ಆರು ತಿಂಗಳಲ್ಲಿ ಆರೋಪಪಟ್ಟಿಯವರೆಗೆ ಬಂದಿತು. ಪ್ರಶ್ನೆ ಕೇಳುವದಕ್ಕೂ ಹೆಸರು ಹಚ್ಚುವದಕ್ಕೂ ಇರುವ ಅಂತರವನ್ನು ಆ ತಾಯಿಯಿಂದ ಕಲಿಯಬೇಕು.

ಸರಕಾರಕ್ಕೂ ನಾವು ಎರಡು ಮಾತು ಹೇಳಬೇಕಾಗಿದೆ. ವದಂತಿ ಹುಟ್ಟುವದು ಮೌನದಲ್ಲಿ, ಬೆಳೆಯುವದು ವಿಳಂಬದಲ್ಲಿ. ಪೋಲೀಸರು ಬಹಿರಂಗವಾಗಿ ಒಂದು ಮಾತನ್ನೂ ಆಡದೆ, ಮರೆಯಲ್ಲಿ ಮಾತ್ರ ಬೇಕಾದವರ ಕಿವಿಯಲ್ಲಿ ಅರ್ಧ ಸಂಗತಿಯನ್ನು ಉಸಿರುವ ಪದ್ಧತಿ ನಿಲ್ಲಬೇಕು. ಪೋಲೀಸರು ಪತ್ರಿಕೆಗಳಿಗೆ ಮಾಹಿತಿ ಕೊಡುವದಕ್ಕೆ ನಿಯಮಾವಳಿ ರಚಿಸಿರೆಂದು ಸರ್ವೋಚ್ಚ ನ್ಯಾಯಾಲಯವು 2023ರ ಸಪ್ಟಂಬರದಲ್ಲಿ ಕೇಂದ್ರ ಗೃಹಖಾತೆಗೆ ಹೇಳಿತು. ಜಿಲ್ಲೆಯ ಅಧಿಕಾರಿಗಳು ಇದರ ತಾತ್ಪರ್ಯವನ್ನು ಅರಿತು, ಹೇಳತಕ್ಕದ್ದನ್ನು ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಸಮಾನವಾಗಿ ಹೇಳಿ, ಹೇಳಬಾರದ್ದನ್ನು ಯಾರಿಗೂ ಹೇಳದೆ ನಡೆದರೆ ಅರ್ಧ ಗುಲ್ಲು ತಾನಾಗಿ ಅಡಗುವದು. ಎರಡನೆಯದು ವಿಳಂಬದ ಮಾತು. ಗೌರಿ ಲಂಕೇಶರ ಖಟ್ಲೆಯಲ್ಲಿ 18 ಜನರ ಮೇಲೆ 2018ರ ನವಂಬರದಲ್ಲಿ 9,235 ಪುಟಗಳ ಆರೋಪಪಟ್ಟಿ ಸಲ್ಲಿಕೆಯಾಯಿತು. ವಿಚಾರಣೆ ಮೊದಲಾದದ್ದು 2022ರ ಜುಲೈಯಲ್ಲಿ. ಈ ಖಟ್ಲೆಗಳಿಗಾಗಿ ವಿಶೇಷ ನ್ಯಾಯಾಲಯದ ಏರ್ಪಾಡಾಗಬೇಕೆಂದು 2023ರ ಡಿಸೆಂಬರದಲ್ಲಿ ಮುಖ್ಯಮಂತ್ರಿಗಳು ಅಧಿಕಾರಿಗಳಿಗೆ ಸೂಚಿಸಬೇಕಾಗಿ ಬಂದಿತು. ತೀರ್ಪು ತಡವಾದಷ್ಟು ದಿನ ನಿರಪರಾಧಿಯು ಕಳಂಕವನ್ನು ಹೊರುತ್ತಾನೆ, ಅಪರಾಧಿಯು ಮಾಲೆಯನ್ನು ಹೊರುತ್ತಾನೆ. ಎರಡೂ ನಾಡಿಗೆ ಮರ್ಯಾದೆಯಲ್ಲ.

ಪತ್ರಿಕಾವ್ಯವಸಾಯದಲ್ಲಿರುವ ನಮ್ಮವರ ಹೊಣೆ ಎಲ್ಲರಿಗಿಂತ ಹೆಚ್ಚಿನದು. ಅಚ್ಚಿನ ಅಕ್ಷರಕ್ಕೆ ಜನರು ಇನ್ನೂ ಬೆಲೆ ಕೊಡುತ್ತಾರೆ. ಕಟ್ಟೆಯ ಮಾತು ಪತ್ರಿಕೆಯಲ್ಲಿ ಬಂದೊಡನೆ ಸುದ್ದಿಯಾಗಿಬಿಡುತ್ತದೆ. ಆರೋಪಿಯನ್ನು ಆರೋಪಿಯೆಂದೇ ಕರೆಯುವದು, ಆತನ ತಾಯಿ-ತಂದೆ ನೆರೆಹೊರೆಯವರನ್ನು ಬೀದಿಗೆಳೆಯದಿರುವದು, ಹಿಡಿದ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ಬಿಡುಗಡೆಯ ಸುದ್ದಿಗೂ ಕೊಡುವದು, ಇಷ್ಟು ನಿಯಮವನ್ನಾದರೂ ಪತ್ರಿಕೆಗಳು ತಾವಾಗಿ ಪಾಲಿಸತಕ್ಕದ್ದು.

ಓದುಬರಹ ಬಲ್ಲ ನಾಗರಿಕರೂ ಅಧಿಕಾರಿಗಳೂ ಊರಿನಲ್ಲಿ ನಾಲ್ಕು ಜನರಿಗೆ ಮೇಲ್ಪಂಕ್ತಿಯಾದವರು. ಇಂಥ ಮಾತು ಬಂದಾಗ, ನೀನು ಕಂಡೆಯಾ, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಿದರೆ ಸಾಕು, ಬಹಳಷ್ಟು ಗಾಳಿಸುದ್ದಿಗಳು ಅಲ್ಲಿಯೇ ನಿಲ್ಲುವವು. ಕಲ್ಲು ಒಡೆದ ಕಡೆ ಚುಕ್ಕೆ ಇಡುವ ತಾಳ್ಮೆಯಿಂದಲೇ ಸಾವಿರ ವರ್ಷದ ಹಿಂದಿನ ಸಾಲೋಟಗಿಯು ನಮಗೆ ನಿಜವಾಗಿ ತಿಳಿದಿದೆ. ಅಷ್ಟು ತಾಳ್ಮೆಯನ್ನು ಮನುಷ್ಯನ ಪ್ರಾಣ-ಮಾನಗಳ ವಿಷಯದಲ್ಲಿಯೂ ತೋರಿಸುವದು ನಮ್ಮ ಜನರಿಗೆ ಅಶಕ್ಯವಲ್ಲವೆಂದು ನಾವು ನಂಬಿದ್ದೇವೆ.